ಹಾಸ್ಟೆಲ್ ಆಮೇಲೆ, ಆಯಿ ಮನೆ ಮೊದಲು

ಪುಣೆಯಲ್ಲಿರುವ ನಮ್ಮ ಕಲಬುರಗಿ ಮಂದಿಗೆ ಅನಾಥ ಮಕ್ಕಳಿಗಾಗಿ ಏನಾದರೂ ಮಾಡಬೇಕು ಅನ್ನಿಸಿತೆಂದರೆ ಮೊದಲು ಕಣ್ಣಿಗೆ ಬರುವುದು ಕಟ್ಟಡ. ಊರ ಕಡೆ ಒಂದು ಆಶ್ರಮ, ಅದಕ್ಕೊಂದು ಕೋಣೆ, ಬಾಗಿಲ ಮೇಲೆ ತಂದೆ ತಾಯಿಯ ಹೆಸರಿನ ಕಲ್ಲು. ಅಷ್ಟು ಕೈಲಾಗದವರು ಮಗಳ ಬರ್ತ್‌ಡೇಗೆ ಒಂದು ಹೊತ್ತಿನ ಊಟ ಹಾಕಿಸುತ್ತಾರೆ. ಹುಗ್ಗಿ, ಬದನೆಕಾಯಿ ಪಲ್ಯ, ಕೊನೆಗೆ ಕೇಕು, ಸಾಲಾಗಿ ಕೂತ ಮಕ್ಕಳ ಫೋಟೊ, ಸಂಜೆಗೆ ವಾಟ್ಸಾಪ್ ಸ್ಟೇಟಸ್ಸು. ಉಣ್ಣಿಸುವುದನ್ನು ಹಗುರವಾಗಿ ಆಡಲಾರೆ, ಶರಣಬಸವೇಶ್ವರರ ದಾಸೋಹದ ಊರಿನವನು ನಾನು. ಆ ಫೋಟೊ ಮಾತ್ರ ಬೇಡ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಮಗುವಿನ ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕೇಕ್ ತಂದವರಿಗೆ ಇದು ಗೊತ್ತಿರುವುದಿಲ್ಲ. ಗೊತ್ತಿದ್ದವರು ದಾನಿ ಮುನಿಸಿಕೊಂಡಾನೆಂದು ಹೇಳುವುದಿಲ್ಲ.

ಆಶ್ರಮವೇ ಬೇಡ ಎನ್ನುವ ಮಾತಲ್ಲ ಇದು. ಪುಣೆಯಲ್ಲಿ ಸಿಂಧುತಾಯಿ ಸಪ್ಕಾಳ್ ಇದ್ದರು, 2022ರಲ್ಲಿ ತೀರಿಕೊಂಡರು. ಯಾರೂ ಇಲ್ಲದ ಮಕ್ಕಳಿಗೆ ಅವರೇ ‘ಮಾಯಿ’, ಅಂದರೆ ತಾಯಿ. ನಮ್ಮಲ್ಲಿ ಭಾಲ್ಕಿ ಹಿರೇಮಠವಿದೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಮಠ ಅದು. ಯಾರೋ ಬಿಟ್ಟುಹೋದ ಕೂಸುಗಳನ್ನು ಆಮೇಲೆ ಸಾಕಿದ್ದೂ ಅದೇ ಮಠ. ಹೆತ್ತವರು ಯಾರೆಂದೇ ತಿಳಿಯದ ಮಗುವಿಗೆ ಅಂಥ ಸೂರು ಬೇಕೇಬೇಕು.

ನಾವು ಅನಾಥರು ಎಂದು ಕರೆಯುವ ಎಲ್ಲ ಮಕ್ಕಳೂ ಹಾಗಿರುವುದಿಲ್ಲ. ಚಿತ್ತಾಪುರ, ಆಳಂದ, ಶಹಾಪುರದ ಹಳ್ಳಿಗಳಲ್ಲಿ ಇಂಥ ಮಗುವಿನ ಬೆನ್ನಿಗೆ ಒಬ್ಬ ಆಯಿಯೋ (ಅಜ್ಜಿ) ಮುತ್ಯಾನೋ (ಅಜ್ಜ) ಸೋದರಮಾವನೋ ಇದ್ದೇ ಇರುತ್ತಾರೆ. ಅವರಿಗೆ ಇಲ್ಲದ್ದು ದುಡ್ಡು. ಆ ಮಗುವನ್ನು ಹಾಸ್ಟೆಲ್‌ಗೆ ಒಯ್ದು ಬಿಟ್ಟರೆ ಮೂರು ಹೊತ್ತಿನ ಅನ್ನ ಸಿಗುತ್ತದೆ, ಇದ್ದೊಂದು ಮನೆ ತಪ್ಪುತ್ತದೆ. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಬೇಕು ಎನ್ನುತ್ತದೆ ಕಾಯ್ದೆ. 45ನೇ ಕಲಮಿನಲ್ಲಿ ಪ್ರಾಯೋಜಕತ್ವಕ್ಕೂ, ಅಂದರೆ ಮಗು ಮನೆಯಲ್ಲೇ ಬೆಳೆಯಲು ಕೊಡುವ ದುಡ್ಡಿನ ನೆರವಿಗೂ, ಜಾಗ ಕೊಟ್ಟಿದೆ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ, 18 ತುಂಬುವವರೆಗೆ. ಮನೆಯ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ದಾಟಿರಬಾರದು. ವಿಧವೆ ತಾಯಿಯ ಜೊತೆಗಿರುವ ಮಗುವಿಗೂ ಇದು ಸಿಗುತ್ತದೆ. ಹತ್ತಿ ಬಿಡಿಸುವ ದಿನಗಳಲ್ಲಿ, ತೊಗರಿ ರಾಶಿಯ ಹೊತ್ತಿನಲ್ಲಿ ಶಾಲೆಯ ಬೆಂಚು ಖಾಲಿಯಾಗುವ ಸೀಮೆ ನಮ್ಮದು. ಅಲ್ಲಿ ಆ ನಾಲ್ಕು ಸಾವಿರದ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಮಹಾರಾಷ್ಟ್ರದಲ್ಲಿ ವಾತ್ಸಲ್ಯದ ಜೊತೆಗೆ ರಾಜ್ಯದ್ದೇ ಆದ ಬಾಲ ಸಂಗೋಪನ ಯೋಜನೆಯೂ ಇದೆ. ಅದರ ಮೊತ್ತ 2,250 ರೂಪಾಯಿ, ವಾತ್ಸಲ್ಯಕ್ಕಿಂತ ಕಡಿಮೆ. ಆದರೆ ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಹೆಂಗಸಿಗೂ ಅದರ ಹೆಸರು ಗೊತ್ತು. ಬಚತ್ ಗಟದ (ಸ್ವಸಹಾಯ ಸಂಘ) ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ, ಸ್ವಯಂಸೇವಾ ಸಂಸ್ಥೆಯ ಹುಡುಗಿ ಫಾರಂ ಹಿಡಿದು ಓಣಿಗೇ ಬರುತ್ತಾಳೆ. 2018ರಿಂದ ಆ ರಾಜ್ಯ ಅನಾಥರಿಗೆ ಶಿಕ್ಷಣ ಮತ್ತು ಸರ್ಕಾರಿ ನೌಕರಿಯಲ್ಲಿ ಶೇ 1ರಷ್ಟು ಮೀಸಲಾತಿಯನ್ನೂ ಕೊಟ್ಟಿದೆ. ನಮ್ಮ ಕಡೆ ನಾನು ಮಾತಾಡಿಸಿದ ಆಯಂದಿರಿಗೆ ವೃದ್ಧಾಪ್ಯ ವೇತನ ಗೊತ್ತು, ಗೃಹಲಕ್ಷ್ಮಿ ಗೊತ್ತು, ವಾತ್ಸಲ್ಯದ ಈ ದುಡ್ಡೊಂದು ಗೊತ್ತಿಲ್ಲ.

ಗೊತ್ತಾದ ಮೇಲಾದರೂ ಸಲೀಸೇ? ಚಿತ್ತಾಪುರ ತಾಲೂಕಿನ ಒಬ್ಬ ಗೌಂಡಿ ಪುಣೆಯ ಸೈಟಿನಲ್ಲಿ ಬಿದ್ದು ಸತ್ತ. ಹೆಂಡತಿ ಅವನಿಗಿಂತ ಮೊದಲೇ ಹೋಗಿದ್ದಳು. ಮಕ್ಕಳಿಬ್ಬರು ಆಯಿಯ ಪಾಲಿಗೆ ಬಂದರು. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿಯಾಗಬೇಕು, ಹಾಗಾಗಿ ಮರಣ ಪ್ರಮಾಣಪತ್ರ ಇಲ್ಲಿಯದು, ಮರಾಠಿಯದು. ಅದರಲ್ಲಿ ಅವನು ಮಲ್ಲಪ್ಪ. ಆಧಾರಿನಲ್ಲಿ ಮಲ್ಲಿಕಾರ್ಜುನ. ಇಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಂದು ಮೂರು ಖಾನೆ ತುಂಬಿಸುತ್ತಾರೆ. ರೇಷನ್ ಕಾರ್ಡಿನಲ್ಲಿ ಅಡ್ಡಹೆಸರೇ ಇಲ್ಲ. ಇಬ್ಬರೂ ಒಬ್ಬನೇ ಎಂದು ಊರಿಗೆಲ್ಲ ಗೊತ್ತು, ಕಚೇರಿಗೆ ಗೊತ್ತಾಗಬೇಕಲ್ಲ. ಮೇಲಿಂದ ಆದಾಯ ಪ್ರಮಾಣಪತ್ರ, ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಮಗುವಿನ ಬ್ಯಾಂಕ್ ಖಾತೆ. ಕಾಗದದ ಪಟ್ಟಿ ಓದಿ ಹೇಳಿದಾಗ ಆ ಆಯಿ ಸಿಟ್ಟಿನಿಂದಲೇ ಕೇಳಿದಳು: “ಯಪ್ಪಾ, ಮಗ ಸತ್ತಾನಂತ ಊರೇ ಹೇಳ್ತದ. ಇನ್ನ್ಯಾವ ಕಾಗದ ತರ್ಲೋ ನಾ?” ಗುಳೆ ಹೋಗುವ ಜಿಲ್ಲೆಗಳಲ್ಲಿ ಇಂಥ ಮನೆ ಇದೊಂದೇ ಆಗಿರಲಾರದು.

ಅದಕ್ಕೇ ನನ್ನ ವಾದ ಇಷ್ಟು. ದಾನಿಗಳಿಗೆ ಬರವಿಲ್ಲ. ಕಾಗದ ಹಿಡಿದು ಓಡಾಡುವವರಿಗೆ ಬರ. ಪುಣೆಯಲ್ಲಿ ಒಬ್ಬ, ಕಲಬುರಗಿಯಲ್ಲಿ ಒಬ್ಬ ಇದ್ದರೆ ಅರ್ಧ ಕೆಲಸ ಮುಗಿಯಿತು. ಇಲ್ಲಿಯವನು ಪಾಲಿಕೆಯಲ್ಲಿ ಹೆಸರು ತಿದ್ದಿಸಬೇಕು, ಅಲ್ಲಿಯವನು ಆಯಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕರೆದೊಯ್ಯಬೇಕು. ನಮ್ಮ ಬಡಾವಣೆಯ ಕನ್ನಡಿಗರ ಸಭೆಯಲ್ಲಿ ಇದನ್ನೇ ಹೇಳಿ, ಕಲಬುರಗಿಯ ಒಬ್ಬ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ಓದಿದ ಹುಡುಗನಿಗೆ ಪಗಾರ ಕೊಡೋಣ ಅಂದೆ. ಹಿರಿಯರೊಬ್ಬರು, “ಪಗಾರದ ಮ್ಯಾಲ ಹೆಸರು ಎಲ್ಲಿ ಬರಸೋದ್ರೀ?” ಅಂದರು. ತಮಾಷೆಗೆ ಕೇಳಿರಲಿಲ್ಲ.

ಪುಣೆಯದೆಲ್ಲ ಚಿನ್ನ ಎಂದೇನೂ ಅಲ್ಲ. ಇಲ್ಲಿ ‘ದತ್ತಕ ಪಾಲಕ’ ಎಂದು ಒಬ್ಬ ಮಗುವಿನ ಓದಿನ ಖರ್ಚು ಹೊರುವ ರೂಢಿಯಿದೆ. ಒಳ್ಳೆಯ ರೂಢಿಯೇ. ಆದರೆ ಕೆಲವರಿಗೆ ದೀಪಾವಳಿಗೊಂದು ಪತ್ರ ಬೇಕು, ಮಾರ್ಕ್ಸ್ ಕಾರ್ಡಿನ ಫೋಟೊ ಬೇಕು, ಇಂಗ್ಲಿಷ್ ಮೀಡಿಯಮ್ಮೇ ಆಗಬೇಕು. ಆಮೇಲೆ ಕೆಲಸ ಬದಲಾಯಿತೆಂದೋ ಫ್ಲ್ಯಾಟಿನ ಕಂತು ಶುರುವಾಯಿತೆಂದೋ ಎರಡನೇ ವರ್ಷಕ್ಕೆ ಕೈ ಬಿಡುತ್ತಾರೆ. ಒಂಬತ್ತನೇ ಕ್ಲಾಸಿನಲ್ಲಿ ಫೀ ನಿಂತರೆ ಆ ಮಗು ಯಾರನ್ನು ಕೇಳಬೇಕು? ಹತ್ತು ಮಂದಿ ಕೂಡಿ ಒಂದು ನಿಧಿ ಮಾಡಿದರೆ ಒಬ್ಬ ಬಿಟ್ಟರೂ ನಡೆಯುತ್ತದೆ. ಖಾಸಗಿಯವರು ಜಿಲ್ಲಾ ಘಟಕದ ಮೂಲಕವೇ ಪ್ರಾಯೋಜಕರಾಗಲು ವಾತ್ಸಲ್ಯದಲ್ಲೇ ಅವಕಾಶವಿದೆ. ಆಶ್ರಮಕ್ಕೇ ಕೊಡುವುದಾದರೆ 41ನೇ ಕಲಮಿನಡಿ ನೋಂದಣಿಯಾಗಿದೆಯೇ ಎಂದು ಮುಲಾಜಿಲ್ಲದೆ ಕೇಳಿ. ಬಿಟ್ಟುಹೋದ ಮಗು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು, ಪರಿಚಯದ ಆಶ್ರಮಕ್ಕಲ್ಲ.

ದಾನಿಗಳು ನಿಜವಾಗಿ ಬೇಕಾಗುವುದು 18ರ ನಂತರ. ಆಶ್ರಮ, ಬಾಲಮಂದಿರದಿಂದ ಹೊರಬರುವವರಿಗೆ ಕಾಯ್ದೆಯ 46ನೇ ಕಲಮಿನಲ್ಲಿ ಮುಂದಿನ ಆಸರೆಗೆ ದಾರಿಯಿದೆ. ಆಯಿಯ ಮನೆಯಲ್ಲೇ ಬೆಳೆದ ಮಗುವಿಗೆ ಆ ದಾರಿಯಿಲ್ಲ. 18 ತುಂಬಿದ ತಿಂಗಳಿಗೆ ನಾಲ್ಕು ಸಾವಿರ ನಿಲ್ಲುತ್ತದೆ, ಪಿಯುಸಿ ಆಗಷ್ಟೇ ಮುಗಿದಿರುತ್ತದೆ. ಹುಡುಗ ಅಪ್ಪ ಹೋದ ಸೈಟಿಗೇ ಹೊರಡುತ್ತಾನೆ. ಐಟಿಐ, ನರ್ಸಿಂಗ್, ಡಿಗ್ರಿ ಯಾವುದಾದರೂ ಸರಿ, ನಮ್ಮ ಗುಂಪಿನ ದುಡ್ಡು ಆ ಮುಂದಿನ ಮೂರು ವರ್ಷಕ್ಕೆ ಹೋಗಲಿ ಎಂಬುದು ನನ್ನ ಮತ. ಅರ್ಜಿ ಬಂದರೆ ಹುಡುಗಿಯರದ್ದನ್ನು ಮೊದಲು ನೋಡಬೇಕು. ರಿಸಲ್ಟ್ ಬರುವುದೂ ನಮ್ಮ ಕಡೆ ಲಗ್ನದ ಸೀಜನ್ನೂ ಒಂದೇ ಹೊತ್ತಿಗೆ, ಮೇ ತಿಂಗಳ ಸಭೆಯವರೆಗೆ ಕಾದರೆ ತಡವಾಗುತ್ತದೆ.