ಆರನೆಯ ನಕ್ಷತ್ರ

ನಮ್ಮ ಹೊಸ ಫ್ರಿಜ್ಜಿನ ಬಾಗಿಲ ಮೇಲೆ ಐದು ನಕ್ಷತ್ರಗಳಿವೆ. ವಿದ್ಯುತ್ ಉಳಿತಾಯದವು, ದೂರದಿಂದಲೇ ಕಾಣುತ್ತವೆ. ಆರನೆಯದು ಜಾಹೀರಾತಿನಲ್ಲಿತ್ತು: '10 ವರ್ಷ ವಾರಂಟಿ' ಎಂಬ ಕುಂಬಳಕಾಯಿ ಗಾತ್ರದ ಅಕ್ಷರಗಳ ಹೆಗಲ ಮೇಲೆ, ಸಾಸಿವೆ ಕಾಳಿನಷ್ಟು. ಫಲ ಹೇಳುವುದು ಅದೊಂದೇ ಎಂದು ನನಗೆ ತಿಳಿದಿರಲಿಲ್ಲ.

ಅಂಗಡಿಯ ಹುಡುಗ ಅರ್ಧ ಗಂಟೆ ಗುಣಗಾನ ಮಾಡಿದ. "ಕೆಡುವ ಮಾತೇ ಇಲ್ಲ ಸಾರ್, ನಿಮ್ಮ ಮೊಮ್ಮಕ್ಕಳೂ ಇದರ ತಣ್ಣೀರು ಕುಡಿಯುತ್ತಾರೆ." ಕಾರ್ಡ್ ಉಜ್ಜುವ ಹೊತ್ತಿಗೆ ಅವನು ಜೋಯಿಸನಾಗಿದ್ದ. ಮೊದಲ ವರ್ಷ ಶುಭ; 366ನೆಯ ದಿನದಿಂದ ಸಾಡೇಸಾತಿ. ಬೋರ್ಡು ಸುಡುವ ಯೋಗ, ಗ್ಯಾಸ್ ಸೋರುವ ಯೋಗ. ಶಾಂತಿಗೆ ಎರಡು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿ, ದಕ್ಷಿಣೆ 3,499 ರೂಪಾಯಿ. ಹಾಗಾದರೆ ಆ ಹತ್ತು ವರ್ಷ? "ಅದು ಕಂಪ್ರೆಸರ್‌ಗೆ ಮಾತ್ರ ಸಾರ್." ಕಂಪ್ರೆಸರ್ ಬಿಚ್ಚುವ ಕೂಲಿ, ತುಂಬುವ ಗ್ಯಾಸ್, ಸಾಗಿಸುವ ಆಟೋ ನಮ್ಮವು.

ಶಾಂತಿ ಮಾಡಿಸಿದೆ. ಪ್ರಸಾದವಾಗಿ ಬಂದ ಪುಸ್ತಿಕೆಯನ್ನು ಮನೆಯಲ್ಲಿ ಓದಿದೆ. ರಬ್ಬರ್, ಗಾಜು, ಪ್ಲಾಸ್ಟಿಕ್ ಸೇರಿಲ್ಲ. ವೋಲ್ಟೇಜ್ ಏರಿಳಿತ ಸೇರಿಲ್ಲ. ಇಲಿ, ಜಿರಳೆ, ಹಲ್ಲಿ ಸೇರಿಲ್ಲ. ಹಲ್ಲಿ ಬಿದ್ದರೆ ಏನು ಫಲವೆಂದು ಪಂಚಾಂಗವಾದರೂ ಹೇಳುತ್ತದೆ, ಇಲ್ಲಿ ನಿಷ್ಫಲ.

ನಿಯಮಗಳಿಲ್ಲವೆಂದಲ್ಲ, ಸೊಗಸಾಗಿಯೇ ಇವೆ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಆ ಆರನೆಯ ನಕ್ಷತ್ರ ಬೊಟ್ಟು ಮಾಡುವ ಷರತ್ತು ಜಾಹೀರಾತಿನ ಭಾಷೆಯಲ್ಲೇ, ಅದೇ ಬಗೆಯ ಅಕ್ಷರದಲ್ಲೇ ಇರಬೇಕು. ಅಂದರೆ ಕನ್ನಡದಲ್ಲಿ ಕರೆದು ಇಂಗ್ಲಿಷಿನಲ್ಲಿ ಕೈಬಿಡುವಂತಿಲ್ಲ. ಹಾದಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಆದರೂ ಟಿವಿ ಜಾಹೀರಾತಿನಲ್ಲಿ 'ಷರತ್ತುಗಳು ಅನ್ವಯಿಸುತ್ತವೆ' ಎಂಬುದನ್ನು ಮಾತ್ರ, ಇನ್ನೊಂದು ಮುಹೂರ್ತಕ್ಕೆ ಓಡಬೇಕಾದ ಪುರೋಹಿತರಂತೆ ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ.

2023ರ ನವೆಂಬರ್‌ನಲ್ಲಿ ಇನ್ನೊಂದು ಮಾರ್ಗಸೂಚಿ ಬಂತು. ಕೇಳದ್ದನ್ನು ಬುಟ್ಟಿಗೆ ತೂರಿಸುವುದು, ಬೇಡವೆಂದವರನ್ನು ನಾಚಿಸುವುದು ಎರಡೂ ತಪ್ಪು. ಆದರೆ ಅದು ಆನ್‌ಲೈನ್ ವ್ಯಾಪಾರದ ಪರದೆಗೆ. ಹೆಂಡತಿಯ ಎದುರಿಗೇ "ಇಷ್ಟು ದೊಡ್ಡ ಫ್ರಿಜ್ ತೆಗೆದುಕೊಂಡು ಇಷ್ಟಕ್ಕೆ ಯೋಚಿಸುತ್ತೀರಾ ಸಾರ್?" ಎನ್ನುವ ಹುಡುಗನಿಗೆ ಪರದೆಯೇ ಇಲ್ಲವಲ್ಲ!

ಹದಿನೈದನೆಯ ತಿಂಗಳಲ್ಲಿ ಬಾಗಿಲ ರಬ್ಬರ್ ಹರಿಯಿತು. ನಿಷ್ಫಲದ ಪಟ್ಟಿಯಲ್ಲಿ ಅದೇ ಮೊದಲನೆಯದು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳೋಣವೆಂದು, ಜೋಪಾನವಾಗಿ ಬೀರುವಿನಲ್ಲಿಟ್ಟಿದ್ದ ಬಿಲ್ಲನ್ನು ತೆಗೆದೆ. ಥರ್ಮಲ್ ಕಾಗದ. ಅಂಗಡಿಯ ಹೆಸರು, ತಾರೀಖು, ಮೊತ್ತ ಎಲ್ಲವೂ ಮಾಸಿ ಹೋಗಿದ್ದವು. ಬೆಳಕಿಗೆ ಹಿಡಿದು ನೋಡಿದರೆ, ಮೂಲೆಯಲ್ಲಿ ಒಂದು ನಕ್ಷತ್ರ ಮಾತ್ರ ಮಸುಕಾಗಿ ಕಾಣುತ್ತಿತ್ತು.