ಸತ್ಯಾಂಶ: ಹರಡಿದ ಕ್ಯಾನ್ಸರಿಗೆ ಎಕ್ಸೋಸೋಮ್ ಇಂಜೆಕ್ಷನ್ ಬಂತಾ?

"ಒಂದೇ ಎಕ್ಸೋಸೋಮ್ ಇಂಜೆಕ್ಷನ್, ಹರಡಿದ ಕ್ಯಾನ್ಸರೂ ಮಾಯ, ಕೀಮೋ ಬೇಡ." ಕೊಡಗಿನ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿರುವ ಈ ಮೆಸೇಜು ನಂಬುವಂಥದ್ದಲ್ಲ. ಆದರೆ ಇದರ ಹಿಂದೆ ನಿಜವಾದ ವಿಜ್ಞಾನ ಇದೆ.

ನಮ್ಮ ಜೀವಕೋಶಗಳು ಸುಮಾರು 30ರಿಂದ 150 ನ್ಯಾನೋಮೀಟರಿನ ಪುಟ್ಟ ಚೀಲಗಳನ್ನು ಹೊರಬಿಡುತ್ತವೆ. ಅವೇ ಎಕ್ಸೋಸೋಮ್. ಕ್ಯಾನ್ಸರ್ ಜೀನನ್ನು ಸುಮ್ಮನಾಗಿಸುವ ಆರ್‌ಎನ್‌ಎ ಔಷಧಿಯನ್ನು ಹಾಗೇ ರಕ್ತಕ್ಕೆ ಬಿಟ್ಟರೆ ಕಿಣ್ವಗಳು ಬೇಗ ತುಂಡರಿಸುತ್ತವೆ. ಚೀಲದೊಳಗಿದ್ದರೆ ಜಾಸ್ತಿ ಹೊತ್ತು ಉಳಿಯುತ್ತದೆ.

ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರ ಹರಡಿದ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಇಂಥ ಔಷಧಿ ತುಂಬಿದ ಚೀಲಗಳನ್ನು ಪ್ರಯೋಗಕ್ಕಿಳಿಸಿತು. ಅದೂ ಒಂದು ನಿರ್ದಿಷ್ಟ ಜೀನ್ ಬದಲಾವಣೆ ಇರುವವರಿಗೆ ಮಾತ್ರ. ಅದು ಮೊದಲ ಹಂತದ ಪ್ರಯೋಗ. ಮೊದಲ ಹಂತ ಅಂದರೆ ಮುಖ್ಯವಾಗಿ ಸುರಕ್ಷತೆ, ಡೋಸ್ ನೋಡುವುದು, ಅಲ್ವಾ?

ಯಾವ ಎಕ್ಸೋಸೋಮ್ ಉತ್ಪನ್ನಕ್ಕೂ ಒಪ್ಪಿಗೆ ಕೊಟ್ಟಿಲ್ಲ ಎಂದು ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೇ ಎಚ್ಚರಿಸಿತ್ತು. ಕೀಮೋಗೆಂದು ಮೈಸೂರಿಗೆ ಹೋಗಿಬರುವವರು ಮುಂದಿನ ತಾರೀಖು ತಪ್ಪಿಸಬೇಡಿ.