ನ್ಯೂಟ್ರಿನೊ ಬೆಳಕನ್ನು ಸೋಲಿಸಲಿಲ್ಲ

ನಿಮ್ಮಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ‘2011ರಲ್ಲಿ ನ್ಯೂಟ್ರಿನೊಗಳು ಬೆಳಕನ್ನು ಹಿಂದಿಕ್ಕಿದವು’ ಎಂದು ಬರೆದು ಲೇಖಕರು ಮುಂದಿನ ವಿಷಯಕ್ಕೆ ಹೋಗಿಬಿಟ್ಟಿದ್ದಾರೆ. (ನ್ಯೂಟ್ರಿನೊ ಎಂದರೆ ನೆಲವನ್ನೂ ಬಹುತೇಕ ತಡೆಯಿಲ್ಲದೆ ದಾಟಬಲ್ಲ ಅತಿಸೂಕ್ಷ್ಮ ಕಣ.) ಇದು ಖಂಡಿತ ಸರಿಯಲ್ಲ, ಉಳಿದರ್ಧ ಕಥೆಯೇ ಮುಖ್ಯ.

ಜಿನೀವಾ ಬಳಿಯ ಕಣಭೌತ ಸಂಶೋಧನಾ ಕೇಂದ್ರ ಸರ್ನ್‌ನಿಂದ ಹೊರಟ ನ್ಯೂಟ್ರಿನೊಗಳು ನೆಲದೊಳಗೆ ಸುಮಾರು 730 ಕಿ.ಮೀ. ಸಾಗಿ, ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯವನ್ನು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ತಲುಪಿದಂತೆ, ಅಲ್ಲಿ ಅವನ್ನು ಅಳೆಯುತ್ತಿದ್ದ ಒಪೆರಾ ಪ್ರಯೋಗದ ತಂಡಕ್ಕೆ ಕಂಡಿತ್ತು, ನಿಜ. ತಿಂಗಳುಗಟ್ಟಲೆ ಜಾಲಾಡಿದ ಮೇಲೆ ಸಿಕ್ಕಿದ್ದೇನು? ಜಿಪಿಎಸ್ ಸಮಯವನ್ನು ಪ್ರಯೋಗದ ಮುಖ್ಯ ಗಡಿಯಾರಕ್ಕೆ ಒಯ್ಯುವ ಆಪ್ಟಿಕಲ್ ಫೈಬರ್ ಕೇಬಲ್‌ನ ತುದಿ ಬಿಗಿಯಾಗಿ ಕೂತಿರಲಿಲ್ಲ! ಆ ಸಡಿಲ ಜೋಡಣೆಯಲ್ಲಿ ಬೆಳಕು ಮಂಕಾಗಿ, ಸಂಕೇತ ತಡವಾಗಿ ದಾಖಲಾಗುತ್ತಿತ್ತು; ಹೀಗಾಗಿ ಗಡಿಯಾರ ಹಿಂದೆ ಬಿದ್ದು, ನ್ಯೂಟ್ರಿನೊಗಳು ಬೇಗ ಬಂದಂತೆ ಕಂಡವು. 2012ರಲ್ಲಿ ಅದೇ ಗ್ರಾನ್ ಸಾಸೊದಲ್ಲಿದ್ದ ಇನ್ನೊಂದು ಪ್ರಯೋಗದ ತಂಡ ಇಕಾರಸ್ ಅಳೆದಾಗ ಬಂದದ್ದು ಬೆಳಕಿನ ವೇಗವೇ.

ಸಂಶಯಪಡಲು ಮೊದಲೇ ಗಟ್ಟಿ ಕಾರಣವಿತ್ತು. 1987ರಲ್ಲಿ ಸುಮಾರು 1.6 ಲಕ್ಷ ಜ್ಯೋತಿರ್ವರ್ಷ ದೂರದ ಸೂಪರ್‌ನೋವಾದಿಂದ (ನಕ್ಷತ್ರದ ಮಹಾಸ್ಫೋಟ) ನ್ಯೂಟ್ರಿನೊಗಳು ಬೆಳಕಿಗಿಂತ ಕೆಲವೇ ಗಂಟೆ ಮುಂಚೆ ಬಂದವು. ಅದೂ ಏಕೆಂದರೆ, ಸ್ಫೋಟದ ಆಘಾತ ನಕ್ಷತ್ರದ ಹೊರಪದರ ಮುಟ್ಟಿ ಬೆಳಕು ಹೊಮ್ಮಲು ಹೊತ್ತು ಹಿಡಿಯಿತು, ನ್ಯೂಟ್ರಿನೊಗಳು ತಡೆಯಿಲ್ಲದೆ ನುಗ್ಗಿ ಬಂದವು. ಒಪೆರಾ ಲೆಕ್ಕ ದಿಟವಾಗಿದ್ದರೆ ಅವು ನಾಲ್ಕು ವರ್ಷ ಮೊದಲೇ ಬರಬೇಕಿತ್ತು.

ಹಾಗೆಂದು ಆ ತಂಡವನ್ನು ಹಳಿಯುವುದು ನನಗೆ ಒಪ್ಪಿಗೆಯಿಲ್ಲ. ಬೆಳಕನ್ನು ಯಾವುದೂ ಮೀರದು ಎಂಬ ಐನ್‌ಸ್ಟೈನ್ ಸಿದ್ಧಾಂತ ತಪ್ಪೆಂದು ಅವರು ಡಂಗುರ ಸಾರಲಿಲ್ಲ, ‘ನೀವೂ ಪರೀಕ್ಷಿಸಿ’ ಎಂದು ಅಳತೆಗಳನ್ನು ಎಲ್ಲರ ಮುಂದಿಟ್ಟರು. ಕೇಬಲ್ ದೋಷವನ್ನು ಪತ್ತೆಹಚ್ಚಿ ಹೇಳಿದ್ದೂ ಅವರೇ. ಸಂಪಾದಕರು ದಯವಿಟ್ಟು ಈ ಭಾಗವನ್ನೂ ಲೇಖನಕ್ಕೆ ಸೇರಿಸಬೇಕು, ವಿದ್ಯಾರ್ಥಿಗಳು ಇದನ್ನು ಓದುತ್ತಾರೆ.